ಸ್ಟೇಷನ್ನಲ್ಲಿದ್ದೀವಿ, ಇನ್ನೂ ಬಿಟ್ಟಿಲ್ಲ

ಆಗೆಲ್ಲ ನಮ್ಮ ರಾಮಾಪುರದಲ್ಲಿ ಸ್ಟೇಷನ್ ಅಂದರೆ ಪೊಲೀಸ್ ಸ್ಟೇಷನ್ ಒಂದೇ. ಆ ಪದಕ್ಕೆ ಇನ್ನೊಂದು ಅರ್ಥ ಹುಟ್ಟುವುದಾದರೂ ಎಲ್ಲಿಂದ? ಹನೂರಿಗೆ ಹೋಗಿ, ಕೊಳ್ಳೇಗಾಲಕ್ಕೆ ಹೋಗಿ, ಅತ್ತ ಯಳಂದೂರಿಗೇ ಹೋಗಿ, ಒಂದು ಗಜ ಹಳಿ ಕಣ್ಣಿಗೆ ಬೀಳುತ್ತಿರಲಿಲ್ಲ. ಬಸ್ ಸ್ಟಾಪಿಗೆ ಹೋಗುವಾಗ ಸ್ಟೇಷನ್ ಮುಂದೆಯೇ ಹಾಯಬೇಕು. ಅಜ್ಜಿ, ಅಂದರೆ ಅಪ್ಪನ ಅವ್ವ, ನನ್ನ ಕೈ ಹಿಡಿದು ಎಳೆಯುತ್ತಿದ್ದಳು: "ಅತ್ತಗೆ ನೋಡ್ಬ್ಯಾಡ ಕಣವ್ವ, ಸುಮ್ಕೆ ನಡಿ." ಅಲ್ಲಿ ಯಾರೂ ಅವಳಿಗೆ ಏನೂ ಮಾಡಿರಲಿಲ್ಲ. ಕಾಡಂಚಿನ ಊರಿನವರಿಗೆ ಆ ಭಯ ಎದೆಹಾಲಿನ ಜೊತೆಗೇ ಬರುತ್ತಿತ್ತು.

ಇಂಥ ಊರಲ್ಲಿ ಹುಟ್ಟಿದ ನನಗೆ ರೈಲಿನ ಹುಚ್ಚು ಹಿಡಿಯಿತು. ಹಿಡಿಸಿದವನು ಮಾದೇಶ ಮಾವ, ಅವ್ವನ ತಮ್ಮ. ಅವನು ಬೆಂಗಳೂರಿನ ಬೇಕರಿಯೊಂದರಲ್ಲಿ ಬನ್ ಬೇಯಿಸುತ್ತಿದ್ದ. ರಜೆ ಸಿಕ್ಕರೆ ಸಾಕು, ಯಾವುದಾದರೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಹೋಗುವ ಬರುವ ಗಾಡಿ ನೋಡುತ್ತಿದ್ದ. ಊರಿಗೆ ಬಂದಾಗ ಜಗಲಿಯ ಮೇಲೆ ಹುಣಸೆಬೀಜ ಸಾಲಾಗಿ ಜೋಡಿಸಿ ನನಗೆ ಗೂಡ್ಸ್ ಗಾಡಿ ಮಾಡಿಕೊಡುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ ಗೊಣಗುವಳು: "ಮದ್ವೆ ಮಾಡ್ಕಳ್ಳೋ ವಯಸ್ನಲ್ಲಿ ರೈಲು ನೋಡ್ಕಂಡು ಕೂತವ್ನೆ. ಒಂದಿನ ಯಾರಾರ ಇಡ್ಕಂಡೋಯ್ತಾರೆ, ನೋಡ್ತಿರಿ."

ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಮಾವ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಬೇಕರಿ ಓನರಿನ ಮನೆಯಲ್ಲಿ ಊಟ, ನಿದ್ದೆ. ಮಾವನಿಗೆ ಬಿಡುವಾದಾಗೆಲ್ಲ ಸ್ಟೇಷನ್. ಮೆಜೆಸ್ಟಿಕ್ಕಿನ ದೊಡ್ಡ ಸ್ಟೇಷನ್ನಿನಲ್ಲಿ ಕಾಫಿ, ಕಬ್ಬಿಣ, ಉಚ್ಚೆ ಮೂರೂ ಸೇರಿದ ಒಂದು ವಾಸನೆ. ಅದು ಈಗಲೂ ಮೂಗಿಗೆ ಬಡಿದರೆ ನನಗೆ ಖುಷಿಯಾಗುತ್ತದೆ, ಏನು ಮಾಡಲಿ! ಕಂಟೋನ್ಮೆಂಟ್ ಕಲ್ಲಿನದು, ಸ್ವಲ್ಪ ಸಮಾಧಾನದ್ದು. ಈಸ್ಟ್ ಸ್ಟೇಷನ್ನಿನಲ್ಲಿ ನಿಲ್ಲುವ ಗಾಡಿಗಿಂತ ಧೂಳೆಬ್ಬಿಸಿಕೊಂಡು ಓಡುವ ಗಾಡಿಗಳೇ ಜಾಸ್ತಿ. ನನ್ನ ಲಂಗ ಹಾರದಂತೆ ಮಾವ ಹಿಡಿದುಕೊಂಡಿರುತ್ತಿದ್ದ.

ಆದರೆ ನನ್ನ ಮನಸ್ಸು ಕದ್ದದ್ದು ಯಲಹಂಕದ ಆಚೆ ಮುಚ್ಚಿಹೋಗಿದ್ದ ಒಂದು ಪುಟ್ಟ ಸ್ಟೇಷನ್. ಹೆಂಚಿನ ಮಾಡು, ಬೀಗ ಹಾಕಿದ ಬಾಗಿಲು, ಪ್ಲಾಟ್‌ಫಾರಮ್ಮಿನ ಮೇಲೆ ಮೆಲುಕು ಹಾಕುತ್ತಾ ಮಲಗಿದ್ದ ಕುರಿಗಳು. ಟಿಕೆಟ್ ಕೊಡುವ ಕಿಂಡಿ ಮಾತ್ರ ಹಾಗೇ ತೆರೆದಿತ್ತು. ನಾನು ಕೈ ತೂರಿಸಿ, "ಒಂದು ರಾಮಾಪುರ" ಅಂದೆ.

"ಅಲ್ಲಿ ಸ್ಟೇಷನ್ ಇಲ್ಲ ಕಣಮ್ಮಿ" ಅಂದ ಮಾವ.

"ಐತಲ್ಲ ಮಾವ, ಬಸ್ ಸ್ಟಾಪ್ ತಾವು!"

"ಆ ಸ್ಟೇಷನ್ಗೆ ಟಿಕೀಟ್ ಬ್ಯಾಡ ಕಣಮ್ಮಿ, ಅವ್ರೇ ಕರ್ಕಂಡೋಯ್ತಾರೆ" ಅಂತ ಮಾವ ಕುರಿಗಳೆಲ್ಲ ಏಳುವಷ್ಟು ಜೋರಾಗಿ ನಕ್ಕ. ಆ ನಗುವಿಗೆ ಆಮೇಲೆ ಬಡ್ಡಿ ಸಮೇತ ಕಟ್ಟಬೇಕಾಯಿತು.

ಊರಿಗೆ ವಾಪಸ್ ಬರುವ ದಿನ ಮೈಸೂರಿನ ತನಕ ರೈಲಿನಲ್ಲೇ ಹೋಗೋಣ ಅಂದ ಮಾವ. ಬೆಳಿಗ್ಗೆಯೇ ಮೆಜೆಸ್ಟಿಕ್ಕಿಗೆ ಬಂದು ಕೂತೆವು. ಹಿಂದಿನ ರಾತ್ರಿಯ ಗಾಳಿಮಳೆಗೆ ಮುಂದೆಲ್ಲೋ ಹಳಿಯ ಮೇಲೆ ಮರಗಳು ಬಿದ್ದಿವೆ, ಗಾಡಿ ಹೊರಡುವುದಿಲ್ಲ ಅಂದರು. ಮಧ್ಯಾಹ್ನವಾಯಿತು, ಸಂಜೆಯಾಗುತ್ತಾ ಬಂತು. ಅವ್ವ ಕಾಯುತ್ತಾಳೆಂದು ಮಾವ ಕಾಯಿನ್ ಫೋನಿನಿಂದ ನಮ್ಮ ಬೀದಿಯ ರಾಚಣ್ಣನ ಅಂಗಡಿಗೆ ಫೋನು ಮಾಡಿದ.

"ರಾಚಣ್ಣ, ನಾನು ಮಾದೇಶ. ಮಗೀನೂ ನಾನೂ ಸ್ಟೇಷನ್ನಲ್ಲಿದ್ದೀವಿ. ಬೆಳಗ್ನಿಂದ ಕೂತಿದ್ದೀವಿ. ಇನ್ನೂ ಬಿಟ್ಟಿಲ್ಲ. ಅಕ್ಕಂಗೆ ಗಾಬ್ರಿ ಆಗ್ಬ್ಯಾಡ ಅನ್ನು."

ಫೋನು ಕಟ್ಟಾಯಿತು. "ಯೋಳಾಯ್ತಲ್ಲ, ಸಾಕು ಬಿಡು" ಅಂದ ಮಾವ. ನಾವಿಬ್ಬರೂ ಬೇಯಿಸಿದ ಕಡಲೆಕಾಯಿ ಬಿಡಿಸುತ್ತಾ, ಬನ್ನು ಕಚ್ಚುತ್ತಾ ಪರಮಸುಖದಲ್ಲಿ ಕೂತೆವು.

ಅತ್ತ ಊರಿನಲ್ಲಿ ಆದದ್ದನ್ನು ಅಜ್ಜಿ ಹೇಳಿ ಹೇಳಿ ನಾನೇ ಕಣ್ಣಾರೆ ಕಂಡಂತಾಗಿಬಿಟ್ಟಿದೆ. ರಾಚಣ್ಣ ಅಂಗಡಿ ಬಾಗಿಲು ತೆರೆದೇ ಬಿಟ್ಟು ಓಡಿಬಂದು ಸುದ್ದಿ ಹೇಳಿದ. ಮುದ್ದೆ ತೊಳಸುತ್ತಿದ್ದ ಅವ್ವ ಕೋಲು ಬಿಟ್ಟು, "ಅಯ್ಯೋ ನನ್ ಮಗಳೇ!" ಅಂತ ಕುಸಿದಳು. ಹತ್ತು ವರ್ಷದ ಹುಡುಗಿಯನ್ನು ಬೆಳಗಿನಿಂದ ಸ್ಟೇಷನ್ನಲ್ಲಿ ಕೂರಿಸಿಕೊಂಡಿದ್ದಾರೆ, ಇನ್ನೂ ಬಿಟ್ಟಿಲ್ಲ! ಎಂದೂ ಆ ಕಡೆ ತಲೆಯೆತ್ತಿಯೂ ನೋಡದ ಅಪ್ಪ ನಮ್ಮೂರ ಸ್ಟೇಷನ್ನಿಗೇ ಹೋಗಿ ನಿಂತರು.

"ನಮ್ಮುಡ್ಗೀನೂ ಬಾಮೈದನ್ನೂ ಬೆಂಗ್ಳೂರು ಸ್ಟೇಷನ್ನಲ್ಲಿ ಕೂರ್ಸವ್ರೆ ಸಾ."

"ಯಾವ ಸ್ಟೇಷನ್ನಯ್ಯ?" ಕೇಳಿದ ಅಲ್ಲಿದ್ದ ಪೇದೆ.

"ಬೆಂಗ್ಳೂರು ಸ್ಟೇಷನ್ನು ಸಾ."

"ಬೆಂಗ್ಳೂರಲ್ಲಿ ಸ್ಟೇಷನ್ಗೆ ಬರವಾ? ಹೆಸರು ಹೇಳು."

ಅಪ್ಪನಿಗೆ ಹೆಸರು ಗೊತ್ತಿರಲಿಲ್ಲ. ಪಾಪ, ಆ ಪೇದೆ ಒಳ್ಳೆಯವನೇ. ಟೀ ಕುಡಿಸಿ, ಬೆಳಿಗ್ಗೆ ವಿಚಾರಿಸೋಣ ಅಂತ ಕಳಿಸಿದ. ಅವ್ವ ಮಾತ್ರ ಬೆಳಿಗ್ಗೆಯ ತನಕ ಕಾಯಲಿಲ್ಲ. ಗೋಡೆಯ ಮೇಲಿನ ಮಾದಪ್ಪನ ಪಟದ ಮುಂದೆ ನಿಂತು, "ಇಬ್ರುನ್ನೂ ಬಿಟ್ಬುಟ್ರೆ ಬೆಟ್ಟಕ್ಕೆ ಬಂದು ಮುಡಿ ಕೊಡ್ತೀನಿ ಕಣಪ್ಪಾ" ಅಂತ ಹರಸಿಕೊಂಡಳು.

ಗಾಡಿ ಬಿಟ್ಟದ್ದು ರಾತ್ರಿ. ಮಾರನೆಯ ದಿನ ನಾವು ಮೈಸೂರಿನ ಕಡೆಯ ಬಸ್ಸಿಳಿದಾಗ ಸ್ಟಾಪಿನಲ್ಲಿ ಅರ್ಧ ಊರೇ ನಿಂತಿತ್ತು. ಬೆಂಗಳೂರಿಗೆ ಹೊರಟಿದ್ದ ಅಪ್ಪನ ಕೈಯಲ್ಲಿ ಬುತ್ತಿ ಗಂಟು. ಅವ್ವ ಓಡಿಬಂದು ನನ್ನನ್ನು ಬಾಚಿ ತಬ್ಬಿ, ಮಾವನ ಷರಟನ್ನು ಹಿಂದಿನಿಂದ ಮೇಲೆತ್ತಿ ಬೆನ್ನು ನೋಡಿದಳು.

"ಎಷ್ಟು ವಡದ್ರೋ?"

"ಯಾರಕ್ಕ?"

"ಪೊಲೀಸ್ನೋರು ಕಣ್ಲಾ!"

ಮಾವ ಕಣ್ಣು ಕಣ್ಣು ಬಿಟ್ಟ. ಆಮೇಲೆ ಅರ್ಥವಾಗಿ, "ಅಕ್ಕಾ, ರೈಲ್ವೆ ಸ್ಟೇಷನ್ನು! ಬಿಟ್ಟಿಲ್ಲ ಅಂದದ್ದು ಗಾಡೀನ!" ಅಂದ. ಅವ್ವ ಮಣ್ಣಿನಲ್ಲೇ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಎದ್ದು ಮಾವನ ಬೆನ್ನಿಗೆ ಎರಡು ಗುದ್ದಿದಳು. ಪೊಲೀಸರು ಕೊಡದಿದ್ದ ಏಟು ಹೀಗೆ ಅಕ್ಕನಿಂದ ಸಿಕ್ಕಿತು.

ಆದರೆ ಹರಕೆ ಹರಕೆಯೇ. "ಯಾರ ಮುಡಿ ಅಂತ ಯೋಳಿದ್ಯೆ?" ಮನೆಗೆ ಬಂದ ಮೇಲೆ ಕೇಳಿದಳು ಅಜ್ಜಿ. "ಯೋಳ್ನಿಲ್ಲ ಅತ್ತೆ." ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೊಂಟ ಮುಟ್ಟುವ ನನ್ನ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂಲೆಗೆ ಸರಿದೆ. ನಿಜವಾಗಿ ನನಗೆ ಹೆದರಿಕೆಯಾದದ್ದು ಆಗಲೇ.

"ಅವ್ಳನ್ನ ಯಾಕ್ ನೋಡೀರಿ? ಎದ್ರಿದ್ದು ನಾನು, ಮುಡೀನೂ ನಂದೇ" ಅಂದಳು ಅವ್ವ.

"ಮುತ್ತೈದೆ ಕಣೆ ನೀನು, ತುದಿ ಕತ್ತರ್ಸಿ ಕೊಟ್ರೆ ಸಾಕು."

"ನಾನೇನು ತುದೀಲಿ ಮಾತ್ರ ಎದ್ರಿದ್ನಾ ಅತ್ತೆ?"

ಬೆಟ್ಟದಿಂದ ಇಳಿದು ಬರುವಾಗ ಬಸ್ಸಿನಲ್ಲಿ ಅವ್ವ ನುಣ್ಣನೆ ತಲೆಯ ಮೇಲೆ ಸೆರಗು ಹೊದ್ದು, ನನ್ನ ಜಡೆಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಕೌದಳ್ಳಿ ದಾಟುವ ತನಕ ನಾನು ಅಲುಗಾಡಲಿಲ್ಲ.

ಅವತ್ತಿನಿಂದ ನಾನು ಯಾವ ಸ್ಟೇಷನ್ನಿನಿಂದ ಫೋನು ಮಾಡಿದರೂ ಅವ್ವನ ಮೊದಲ ಮಾತು ಒಂದೇ: "ಬಿಟ್ರಾ?" ಮಾವ ತೀರಿಹೋಗಿದ್ದಾನೆ, ಬೆಂಚಿನಲ್ಲಿ ನನ್ನ ಪಕ್ಕ ಕೂತು ಕಡಲೆಕಾಯಿ ಬಿಡಿಸುವವರಿಲ್ಲ. ಈಗ ಗಾಡಿ ಎಲ್ಲಿ ನಿಂತಿದೆ ಅಂತ ಮೊಬೈಲೇ ಹೇಳುವುದರಿಂದ ಯಾರೂ ಗಾಬರಿಯಾಗಿ ಅಂಗಡಿ ಬಾಗಿಲು ತೆರೆದೇ ಬಿಟ್ಟು ಓಡುವುದಿಲ್ಲ. ನೆಮ್ಮದಿಯೇ, ಇಲ್ಲವೆನ್ನಲಾರೆ. ಆದರೂ ನನಗೋಸ್ಕರ ಅಷ್ಟು ಹೆದರುವವರು ಇನ್ನು ಎಷ್ಟು ದಿನ?

ಮೊನ್ನೆ ಯಲಹಂಕದ ಆಚೆಯ ಆ ಸ್ಟೇಷನ್ನಿಗೆ ಒಬ್ಬಳೇ ಹೋಗಿದ್ದೆ. ಟಿಕೆಟ್ ಕಿಂಡಿಗೆ ಹಲಗೆ ಬಡಿದಿದ್ದಾರೆ. ಅಲ್ಲಿಂದಲೇ ಫೋನು ಮಾಡಿ, "ಅವ್ವ, ಸ್ಟೇಷನ್ನಲ್ಲಿದ್ದೀನಿ" ಅಂದೆ.

"ಬಿಟ್ರಾ?"

"ಇಲ್ಲವ್ವ. ಇಲ್ಲಿ ಇನ್ನು ಬಿಡಲ್ಲ."

"ಅಯ್ಯೋ, ಈಗೆಲ್ಲಿ ತರ್ಲಿ ಮುಡೀಯ? ಇರೋದೇ ನಾಕು ಎಳೆ." ನಕ್ಕಳು. ಆಮೇಲೆ ಮೆತ್ತಗೆ, "ಇರ್ಲಿ, ಅದ್ನೂ ಕೊಡ್ತೀನಿ. ನೀನು ಊರ್ಗೆ ಬಾ" ಅಂದಳು.