ಅಡುಗೆ ಮಾವನ ಮೂಗು

ಮಂಡಿಯ ಕೀಲು ಬದಲಿಸಿಕೊಂಡು ಮನೆಗೆ ಬಂದ ಮೇಲೆ, ಸೊಸೆ ತುಪ್ಪದಲ್ಲಿ ಇಂಗು ಹುರಿದರೂ ನನಗೆ ಆಸ್ಪತ್ರೆಯ ಸ್ಪಿರಿಟ್ ವಾಸನೆಯೇ ಬಡಿಯುತ್ತದೆ. ಕಾಲು ನೆಟ್ಟಗಾಯಿತು, ಮೂಗು ಕೆಟ್ಟಿತು. ಇದೇ ಪಾಡು ಪಟ್ಟವರೊಬ್ಬರನ್ನು ಕಂಡಿದ್ದೆ... ಬೇಲೂರಿನಲ್ಲಿ ಪಕ್ಕದ ಮನೆಯ ಅಡುಗೆ ಮಾವ.

ಅರವತ್ತರ ದಶಕ. ನಾನಾಗ ಆ ಬೀದಿಗೆ ಹೊಸ ಸೊಸೆ. ಮಾವ ದೇವಸ್ಥಾನದ ಅಡುಗೆಯವರು. ನೈವೇದ್ಯವಾಗುವ ಮೊದಲು ಅಡುಗೆಯವರು ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಮೆಣಸು ಎಲ್ಲವನ್ನೂ ಮಾವ ಹಬೆಗೆ ಮೂಗೊಡ್ಡಿಯೇ ಅಳೆಯುತ್ತಿದ್ದರು. ಒಮ್ಮೆ ಒದ್ದೆ ಕಲ್ಲಿನ ಮೇಲೆ ಜಾರಿ ಸೊಂಟದ ಕೀಲು ಮುರಿಯಿತು. ಬೆಂಗಳೂರಿನಲ್ಲಿ ಲೋಹದ ಗುಂಡು ಕೂರಿಸಿ ಕಳಿಸಿದರು. ಅರಸೀಕೆರೆಯವರೆಗೆ ರೈಲು, ಆಮೇಲೆ ಬಸ್ಸು. ಬೀದಿಗೆ ಬೀದಿಯೇ ಅವರ ಕಾಲು ನೋಡಲು ಬಂತು.

ಕಾಲು ಬೇಗ ಹತೋಟಿಗೆ ಬಂತು. ಆದರೆ ಮಾವ ಒಂದು ಕಡೆ ಕೂರರು. ಕೋಲೂರಿಕೊಂಡು ಜಗಲಿಯಿಂದ ಒಲೆಗೆ, ಒಲೆಯಿಂದ ಹಿತ್ತಲಿಗೆ. ಕರಿಬೇವು ಹಿಸುಕಿ ಮೂಸುವರು, ಎಸೆಯುವರು. ನನ್ನನ್ನು ಕರೆದು, ಕಣ್ಣು ಮುಚ್ಚಿಕೊಂಡು, “ಏನಾದ್ರೂ ಹಿಡಿಯೇ ಮೂಗಿಗೆ” ಎನ್ನುವರು. ಇಂಗು ಹಿಡಿದರೆ, “ಸೀಮೆಎಣ್ಣೆ?” ಏಲಕ್ಕಿ ಹಿಡಿದರೂ ಸೀಮೆಎಣ್ಣೆಯೇ! ನಾನು ನಕ್ಕೆ. ಅವರು ನಗಲಿಲ್ಲ.

“ಕಾಲು ಕೊಟ್ಟು ಮೂಗು ಕಿತ್ಕೊಂಡ್ರು ಕಣೇ. ನಾಳೆ ಒಲೆ ಮುಂದೆ ನಿಂತು ಏನ್ಮಾಡ್ಲಿ?”

ಅವರ ಹೆಂಡತಿ ಮೆಲ್ಲಗೆ ಹೇಳಿದರು, “ಒಂದಗುಳು ಬಾಯಿಗೆ ಹಾಕ್ಕೊಂಡ್ರೆ ಯಾರಿಗ್ರೀ ಗೊತ್ತಾಗತ್ತೆ?”

“ಅವನಿಗೆ ಗೊತ್ತಾಗಲ್ವೇನೇ? ಎಂಜಲು ಬಡಿಸ್ಲಾ ಅವನಿಗೆ?”

ಮರುದಿನ ಸೌಟನ್ನು ತಮ್ಮನ ಮಗನ ಕೈಗಿತ್ತು ಬಂದುಬಿಟ್ಟರು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಕೋಲಿನ ಸದ್ದು. “ಏ ಹುಡುಗಿ, ನಿನ್ನ ಹುಳಿ ತಳ ಹಿಡೀತಿದೆ!” ಓಡಿ ನೋಡಿದರೆ ನಿಜ. ಪಾತ್ರೆ ಇಳಿಸುವುದನ್ನೂ ಮರೆತು ಅವರ ಮುಖ ನೋಡಿದೆ. ಕಣ್ಣು ತುಂಬಿತ್ತು.

“ಸೌಟು ವಾಪಸ್ ಕೇಳಿ ಮಾವ.”

“ಅವನ ಕೈ ಈಗೀಗ ಪಳಗ್ತಾ ಇದೆ. ಬಿಡೇ.”

ಅಂದಿನಿಂದ ನೈವೇದ್ಯದ ಹೊತ್ತಿಗೆ ದೇವಸ್ಥಾನದ ಹೊರಗೋಡೆಯ ಬಳಿ ನಿಲ್ಲುತ್ತಿದ್ದರು. ಗಾಳಿ ಮೂಸಿ, “ಮೆಣಸು ಸಾಲದು” ಎಂದು ತಮಗೆ ತಾವೇ ಗೊಣಗುವರು. ಒಳಗೆ ಹೋಗಿ ಹೇಳಿದ್ದನ್ನು ಮಾತ್ರ ನಾನು ಕಾಣೆ...

ನಿನ್ನೆ ಡಾಕ್ಟರು ನನ್ನ ಮಂಡಿ ಮಡಿಸಿ ನೋಡಿ, ಬೇರೇನಾದರೂ ತೊಂದರೆಯಿದೆಯೇ ಎಂದರು. ಇಲ್ಲ ಎಂದೆ. ಹೇಳಿಕೊಳ್ಳಬೇಕಾದವರು ಹೋಗಿ ಎಷ್ಟೋ ವರ್ಷವಾಯಿತು.