ಕೈ ನಿಲ್ಲಿಸಿದ ಟೈಪಿಂಗ್ ಕಾಕಾ

ಯಾರಾದರೂ ಮಾತಾಡುತ್ತಿದ್ದರೆ ಟೈಪಿಂಗ್ ಕಾಕಾನ ಹತ್ತೂ ಬೆರಳು ತೊಡೆಯ ಮೇಲೆ ಆಡುತ್ತಿದ್ದವು. ಎದುರಿನವರ ಮಾತನ್ನು ಸದ್ದಿಲ್ಲದೆ ಟೈಪ್ ಮಾಡಿಕೊಳ್ಳುತ್ತಿದ್ದವು ಎನ್ನಿ. ಮಾತು ನಿಂತ ಕೂಡಲೇ ಎಡಗೈ ಗಾಳಿಯಲ್ಲಿ ಒಮ್ಮೆ ಬಲಕ್ಕೆ ಸರಿಯುತ್ತಿತ್ತು, ಹಳೆಯ ಟೈಪ್‌ರೈಟರಿನಲ್ಲಿ ಹೊಸ ಸಾಲಿಗೆ ಹೋಗುವಾಗ ಸರಿಸುತ್ತಾರಲ್ಲ, ಹಾಗೆ. ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ನಿವೃತ್ತರಾದವರು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಸೀರೆಗೆ ಫಾಲ್ ಹಚ್ಚುವ ಅಂಗಡಿಯ ಪಕ್ಕ, ಒಂದು ಕಂಪ್ಯೂಟರ್ ಇಟ್ಟುಕೊಂಡು ವಿದ್ಯಾರ್ಥಿಗಳ ಪ್ರಬಂಧ ಟೈಪ್ ಮಾಡಿಕೊಡುತ್ತಿದ್ದರು. ಹಳೇ ರೂಢಿಯಲ್ಲಿ ಗುದ್ದಿ ಗುದ್ದಿ ವರ್ಷಕ್ಕೆರಡು ಕೀಬೋರ್ಡ್ ಹಾಳು ಮಾಡುತ್ತಿದ್ದರು. ಬೀದರ್ ಕಡೆಯವರು. ಆ ತೆಲುಗು ಊರಿನಲ್ಲಿ ನಾನು ಕನ್ನಡದವಳು ಎಂದು ಗೊತ್ತಾದ ದಿನದಿಂದ ನನಗೆ ಅಲ್ಲಿ ಕುರ್ಚಿ, ಚಹಾ ಎರಡೂ ಖಾಯಂ.

ಆಗ ನಾನು ಅಪರಾಧಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಮನೆಯವರ ಬಾಯಿಗೆ ಬಿದ್ದಿದ್ದೆ ಅನ್ನುವುದೇ ಸರಿ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಓರಗೆಯವರೆಲ್ಲ ಕಂಪ್ಯೂಟರ್ ಕೋರ್ಸು ಮುಗಿಸಿ, ಕೊರಳಿಗೆ ಕಂಪನಿಯ ಕಾರ್ಡು ತೂಗಿಸಿಕೊಂಡು ಕೊಂಡಾಪುರದ ಬಸ್ಸು ಹತ್ತುತ್ತಿದ್ದ ಕಾಲ. “ಕಳ್ಳರ ಸುದ್ದಿ ಓದಿ ಏನ್ ಮಾಡ್ತಿಯವಾ? ಕಳ್ಳರು ತಾವು ಏನರೆ ಓದಿರ್ತಾರೇನು?” ಎಂದು ನಮ್ಮವ್ವ ದಿನಾ ಕೇಳುವವಳೇ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ನಾನೂ ಕೊಂಡಾಪುರದ ಬಸ್ಸು ಹತ್ತಿ ತೋರಿಸ್ತೀನಿ ಎಂದು ಸವಾಲು ಹಾಕಿದ್ದೆ. ದೇವರ ದಯೆ, ಐಟಿ ಕಂಪನಿಗೆ ಸೇರುವವರ ಹಿನ್ನೆಲೆ ವಿಚಾರಿಸುವ ಕಚೇರಿಯೊಂದು ಅಲ್ಲಿ ನನಗೆ ಕೆಲಸ ಕೊಡಲು ಒಪ್ಪಿತ್ತು. ಒಂದೇ ಷರತ್ತು: ತಿಂಗಳೊಪ್ಪತ್ತಿನಲ್ಲಿ ಪ್ರಬಂಧ ಸಲ್ಲಿಸಿರಬೇಕು.

ಮನೆಗೆಲಸದ ಹೆಣ್ಣುಮಕ್ಕಳು ಕಳವಿಗೆ ಯಾಕೆ ಇಳಿಯುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. ಜೈಲಿನಲ್ಲಿ ನನಗೆ ರಾಯಚೂರು ಕಡೆಯ ಒಬ್ಬಳು ಸಿಕ್ಕಿದ್ದಳು. ಕೊಂಡಾಪುರದ ಫ್ಲ್ಯಾಟೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದವಳು. ಬಂಗಾರದ ಬಳೆ ಕದ್ದಳೆಂದು ಆರೋಪ, ವಿಚಾರಣೆ ಇನ್ನೂ ನಡೆದಿತ್ತು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಬಡಬಡ ಎಲ್ಲ ಹೇಳಿಬಿಟ್ಟಳು. ಹೌದು, ನಾನೇ ತೊಗೊಂಡೆ, ಮಗಳ ಜಡ್ಡಿಗೆ, ಔಷಧಕ್ಕೆ ತೊಗೊಂಡೆ ಎಂದಳು. ಇನ್ನೇನು ಬೇಕು! ಇಪ್ಪತ್ತು ಪುಟದ ಅಧ್ಯಾಯ ಬರೆದೆ. ಗೈಡ್ ಸರ್ ಓದಿ ಭೇಷ್ ಎಂದರು. ನಾನು ನೆಲದ ಮೇಲೆ ಇರಲಿಲ್ಲ.

ಆ ಅಧ್ಯಾಯದ ಐದನೆಯ ಪುಟಕ್ಕೆ ಕಾಕಾ ಕೈ ನಿಲ್ಲಿಸಿದರು. ನಾನು ಹೋದಾಗ ಕಂಪ್ಯೂಟರ್ ಆರಿಸಿ, ನನ್ನ ಕೈಬರಹದ ಹಾಳೆಗಳನ್ನು ಬೋರಲು ಹಾಕಿ ಕೂತಿದ್ದರು.

“ಇದನ್ನ ಆಕಿಗೆ ಓದಿ ಹೇಳಿಯೇನು ಬೇಟಾ?”

“ಆಕಿಗೆ ಇಂಗ್ಲಿಷ್ ಎಲ್ಲಿ ಬರ್ತೈತಿ ಕಾಕಾ?”

“ನಿನಗ ಕನ್ನಡ ಬರ್ತೈತಲ್ಲ.”

ಕೋರ್ಟಿನ ಪದ್ಧತಿ ಬಿಡಿಸಿ ಹೇಳಿದರು. ಸಾಕ್ಷಿ ಹೇಳಿದ್ದನ್ನು ಟೈಪ್ ಮಾಡಿ, ಅವರದೇ ಭಾಷೆಯಲ್ಲಿ ಅವರಿಗೆ ಓದಿ ಹೇಳಬೇಕಂತೆ. ಕೆಳಗೆ ‘ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು’ ಎಂದು ಒಂದು ಸಾಲು. ಆಮೇಲೆ ರುಜು, ಇಲ್ಲವೇ ಹೆಬ್ಬೆಟ್ಟು.

“ಹೆಸರು ಬದಲಿಸೀನಲ್ರಿ,” ಎಂದೆ.

“ಊರು ಬರದಿ, ಅಪಾರ್ಟ್‌ಮೆಂಟ್ ಬರದಿ, ಮಗಳ ಜಡ್ಡು ಬರದಿ. ಇನ್ನ ಹೆಸರು ಬಿಟ್ರ ಏನ್ ಬಂತು? ಕೇಸ್ ಬ್ಯಾರೆ ನಡದೈತಿ. ಓದಿ ಹೇಳಿ ಬಾ, ಆಮ್ಯಾಲೆ ಟೈಪ್ ಹೊಡೀತೀನಿ.”

“ಇದು ಕೋರ್ಟಲ್ಲ ಕಾಕಾ, ಎಂ.ಎ.! ನಿಮ್ಮ ಕೆಲಸ ಟೈಪ್ ಮಾಡೂದು. ಅಷ್ಟ ಮಾಡ್ರಿ!”

ಎಂಥಾ ನಾಲಿಗೆ ನನ್ನದು! ಅಪ್ಪನಿಗಿಂತ ಹಿರಿಯರಿಗೆ ಹಾಗೆ ಅಂದೆ. ಅವರು ಸಿಟ್ಟಾಗಲಿಲ್ಲ, ಚಹಾ ಬಸಿಗೆ ಬಗ್ಗಿಸಿ ನನ್ನ ಕಡೆ ಸರಿಸಿದರು. ನಾನು ಕುಡಿಯದೆ ಹಾಳೆ ಎತ್ತಿಕೊಂಡು ಬೇರೆ ಅಂಗಡಿಗೆ ನಡೆದೆ. ಅಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಕಾಕಾ ತಲೆಯಲ್ಲಿ ಬಿಟ್ಟ ಹುಳ ಕೊರೆಯಲು ಶುರುವಾಗಿತ್ತು. ಹಾಳಾಗಿ ಹೋಗಲಿ, ಓದಿ ಹೇಳಿಯೇ ಬಂದರಾಯಿತು ಎಂದು ಮರುದಿನ ಜೈಲಿಗೆ ಹೋದೆ.

ಕನ್ನಡದಲ್ಲಿ ಓದತೊಡಗಿದೆ. ಆಕೆ ಪ್ರತಿ ಮಾತಿಗೂ ಹೂಂಗುಟ್ಟುತ್ತಿದ್ದಳು. ಬಳೆಯ ಮಾತು ಬಂದಾಗ ನನ್ನ ಕೈ ಹಿಡಿದುಕೊಂಡಳು.

“ಇದು ಜಡ್ಜ್ ಸಾಹೇಬ್ರಿಗೆ ಯಾವಾಗ ಮುಟ್ತೈತ್ರಿ ಅಕ್ಕಾರ?”

“ಇದು ಜಡ್ಜ್ ಕಡೆ ಹೋಗಂಗಿಲ್ಲವ್ವಾ. ನನ್ನ ಪರೀಕ್ಷಾಕ್ಕ ಬರದದ್ದು.”

“ಪರೀಕ್ಷಾಕ್ಕ?” ಅವಳ ಮುಖ ಸಣ್ಣದಾಯಿತು. “ಒಪ್ಕೊಂಡ್ರ ಲಗೂ ಬಿಡ್ತಾರ ಅಂತ ಇಲ್ಲಿ ಎಲ್ಲಾರೂ ಅಂದ್ರು. ನೀವು ಕೋರ್ಟಿನವರು ಅಂತ ತಿಳ್ಕೊಂಡು ಒಪ್ಕೊಂಡೆ. ಮುಂದಿನ ತಾರೀಖಿಗೆ ಜಡ್ಜ್ ಮುಂದನೂ ಹಂಗ ಹೇಳಾಕಿ ಇದ್ದೆ. ಆ ಬಳಿ ನಾ ಕಣ್ಣಿಲೆ ಸೈತ ನೋಡಿಲ್ರಿ.”

ಮಾಡದ ಕಳವಿಗೆ ಕಾರಣ ಹುಡುಕಿ ನಾನು ಇಪ್ಪತ್ತು ಪುಟ ಬರೆದಿದ್ದೆ. ಮಾಡದ್ದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಬೇಡ ಎಂದು ಅವಳಿಗೆ ಮತ್ತೆ ಮತ್ತೆ ಹೇಳಿದೆ. ಉಚಿತವಾಗಿ ಕೇಸು ನಡೆಸುವ ವಕೀಲರನ್ನು ಹುಡುಕಿ ಅವಳ ಬಳಿ ಕಳಿಸಿದೆ. ಅಧ್ಯಾಯವನ್ನು ಹರಿದು ಹಾಕಿದೆ. ಪ್ರಬಂಧ ಮುಂದಿನ ಅವಧಿಗೆ ಬಿತ್ತು, ಕೊಂಡಾಪುರದ ಕೆಲಸ ಇನ್ನೊಬ್ಬರಿಗೆ ಹೋಯಿತು. ಮನೆಯಲ್ಲಿ ಏನೇನು ಕೇಳಿಸಿಕೊಂಡೆ ಎಂದು ಇಲ್ಲಿ ಬರೆಯುವುದು ಬೇಡ. ತಿಂಗಳು ಬಿಟ್ಟು ಕಾಕಾನ ಅಂಗಡಿಗೆ ಹೋದರೆ, ಏನೂ ಆಗಿಲ್ಲವೆಂಬಂತೆ ಕುರ್ಚಿ ಒರೆಸಿ ಕೊಟ್ಟರು. ಹೊಸದಾಗಿ ಬರೆದ ಪ್ರಬಂಧವನ್ನು ಪೂರ್ತಿ ಅವರೇ ಟೈಪ್ ಮಾಡಿದರು.

ವರ್ಷದ ಮೇಲೆ ಆ ಹೆಣ್ಣುಮಗಳು ಬಿಡುಗಡೆಯಾದಳು. ಸುದ್ದಿ ಸಿಕ್ಕಿದ್ದೇ ಪೇಡೆ ಹಿಡಿದುಕೊಂಡು ಗಲ್ಲಿಗೆ ಓಡಿದೆ. ಕಾಕಾ ಕುಣಿಯಲಿ ಅಂತಲ್ಲ, ನಗುತ್ತಾರೆ ಅಂದುಕೊಂಡಿದ್ದೆ. ಅವರು ಪೇಡೆಯನ್ನು ಬಾಯಿಗಿಡದೆ ಕೀಬೋರ್ಡಿನ ಪಕ್ಕ ಇಟ್ಟರು.

“ಕೋರ್ಟಿನಾಗ ಓದಿ ಹೇಳಾಕ ಹೊತ್ತು ಎಲ್ಲಿರ್ತಿತ್ತು ಬೇಟಾ? ಮುಂದಿನ ಸಾಕ್ಷಿ ಬಾಗಲದಾಗ ನಿಂತಿರ್ತಿದ್ದ. ‘ಓದಿ ಹೇಳಲಾಯಿತು’ ಅಂತ ನಾನ ಹೊಡೀತಿದ್ದೆ, ಅವ್ರು ಹೆಬ್ಬೆಟ್ಟು ಒತ್ತಿ ಹೋಗ್ತಿದ್ರು. ಎಷ್ಟು ಮಂದಿ ಏನೇನಕ್ಕ ಒತ್ತಿದ್ರೋ. ಮೂವತ್ತು ವರ್ಷದಾಗ ಒಮ್ಮೆನೂ ಕೈ ನಿಲ್ಲಿಸ್ಲಿಲ್ಲ.”

“ನೌಕರಿ ಇತ್ತಲ್ರಿ ಕಾಕಾ,” ಎಂದೆ, ಸಮಾಧಾನ ಮಾಡಲು.

“ಹೂಂ,” ಎಂದರು. “ನಿನಗೂ ಇತ್ತು.”

ಮರುವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಅತ್ತು ಬಂದೆ. ಅಷ್ಟು ದಿನ ಅವರ ಕುರ್ಚಿಯಲ್ಲಿ ಕೂತು ಚಹಾ ಕುಡಿದವಳು, ‘ನಿಮ್ಮ ಕೆಲಸ ಟೈಪ್ ಮಾಡೂದು’ ಎಂದು ಅಂದು ಆಡಿದ ಮಾತಿಗೆ ಒಂದು ಸಲವೂ ಅವರ ಕ್ಷಮೆ ಕೇಳಿರಲಿಲ್ಲ. ತಪ್ಪಾಯಿತು ಕಾಕಾ.