ಲಾಲಬಿಯ ಸಾಣೆ, ಭಾನುವಾರದ ಹರಟೆ

ಗಡಿಯಂಚಿನ ಅಸಂಗಿಯ ಬಸ್ ನಿಲ್ದಾಣದ ಹಿಂದೆ ಒಂದು ತಗಡಿನ ಚಪ್ಪರ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಜತ್ತಿಗೆ ಹೋಗುವ ಮೊದಲ ಬಸ್ಸು ಹೊಗೆ ಕಾರುತ್ತ ನಿಂತಿದೆ. ಚಪ್ಪರದೊಳಗೆ ಲಾಲಬಿ ಶಿಕಲಗಾರ ಸೆರಗನ್ನು ಸೊಂಟಕ್ಕೆ ಬಿಗಿದು ಸಾಣೆಕಲ್ಲಿನ ಮುಂದೆ ಕುಳಿತಿದ್ದಾರೆ. ಎಡಗಾಲು ಪೆಡಲ್ ತುಳಿಯುತ್ತದೆ, ಕಲ್ಲು ತಿರುಗುತ್ತದೆ, ಕುರಿಕತ್ತರಿಯ ಅಲಗಿನಿಂದ ಹಾರಿದ ಸಣ್ಣ ಕಿಡಿಗಳು ನೆಲ ಮುಟ್ಟುವ ಮೊದಲೇ ಆರಿಹೋಗುತ್ತವೆ. ಹೆಬ್ಬೆರಳನ್ನು ಅಲಗಿನ ಮೇಲೆ ಅಡ್ಡಕ್ಕೆ ಸವರಿ ನೋಡುತ್ತಾರೆ, ಮುಖ ಸಿಂಡರಿಸುತ್ತಾರೆ, ಮತ್ತೆ ಕಲ್ಲಿಗೆ ಹಿಡಿಯುತ್ತಾರೆ.

ಮಗ್ಗುಲಲ್ಲೇ ಕರೆಂಟಿನ ಸಾಣೆಯೂ ಇದೆ. ಕುಡುಗೋಲು, ಕೊಡಲಿ, ದಾಳಿಂಬೆ ಗಿಡದ ಕತ್ತರಿ ಎಲ್ಲ ಅದಕ್ಕೆ. ಕುರಿಯ ಉಣ್ಣೆ ತೆಗೆಯುವ ಕತ್ತರಿಯನ್ನು ಮಾತ್ರ ಅದರ ಹತ್ತಿರ ಒಯ್ಯುವುದಿಲ್ಲ. “ಮೋಟಾರ ಕಲ್ಲಿಗೆ ಹಿಡದ್ರ ಅಲಗ ಕಾಯತೈತಿ. ಕಾದ ಮ್ಯಾಲ ಧಾರ ನಿಲ್ಲೂದಿಲ್ರಿ. ಕಾಲೀಲೆ ತುಳದ್ರ ನಮಗ ಬೇಕಾದಷ್ಟ ತಿರಗತೈತಿ,” ಎನ್ನುವಾಗಲೂ ಅವರ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಇಂದು ಭಾನುವಾರ. “ಹೊತ್ತ ಏರೂದ್ರಾಗ ಮುಗಿಸಬೇಕು. ಆಮ್ಯಾಲ ಅವರು ಬರತಾರ. ಬಂದ್ರಂದ್ರ ಮುಗೀತು.”

ಅವರು ಎಂದರೆ ಚಾಕುಪ್ರೇಮಿಗಳು. ಮಿರಜ, ಅಥಣಿ, ವಿಜಯಪುರದ ಕಡೆಯಿಂದ ಮೋಟಾರ್ ಸೈಕಲ್ ಮೇಲೆ ಬರುವ ಒಂದು ಗುಂಪು. ಮಡಚುವ ಚಾಕು, ಅಡುಗೆಮನೆಯ ಚಾಕು, ಕಾಡಿನಲ್ಲಿ ಡೇರೆ ಹೂಡುವಾಗ ಬೇಕಾಗುವ ಚಾಕು, ಹೀಗೆ ಒಬ್ಬೊಬ್ಬರ ಹತ್ತಿರವೂ ಒಂದು ಪೆಟ್ಟಿಗೆ. ಹದ ಹಿಡಿಸುವ ನೆಪದಲ್ಲಿ ಬಂದು ಚಪ್ಪರದ ಮುಂದಿನ ಕಟ್ಟೆಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಒಬ್ಬರು ಅಂಬೋಲಿ ಘಾಟಿನ ಮಂಜಿನ ಸುದ್ದಿ ತೆಗೆದರೆ ಇನ್ನೊಬ್ಬರು ಟೈರಿನ ಸುದ್ದಿಗೆ ಹೋಗುತ್ತಾರೆ. ಒಬ್ಬರು ಮನೆಯಲ್ಲೇ ಬ್ರೆಡ್ ಸುಡುವುದನ್ನು ಕಲಿಯುತ್ತಿದ್ದಾರೆ, ಇನ್ನೊಬ್ಬರು ಕೊಳಲು. ಮತ್ತೊಬ್ಬರು ಕುಂಡದಲ್ಲಿ ಆಲದ ಗಿಡ ಬೆಳೆಸಿ ಅದರ ಫೋಟೋಗಳನ್ನು ಎಲ್ಲರಿಗೂ ತೋರಿಸುತ್ತಾರೆ.

“ಚಾಕು ಚಾಕು ಅಂತ ಬರತಾರ, ಚಾಕಿನ ಸುದ್ದಿ ಒಂದ ಬಿಟ್ಟು ಎಲ್ಲಾ ಮಾತಾಡತಾರ,” ಎನ್ನುತ್ತಾರೆ ಲಾಲಬಿ. “ಗಾಡಿ ತಂದು ಬಾಗಲಕ್ಕ ಅಡ್ಡ ಹಚ್ಚತಾರ. ಕುಡಗೋಲ ತಂದ ಹೆಣ್ಮಕ್ಕಳು ಹೆಂಗ ಒಳಗ ಬರಬೇಕ್ರಿ? ನಡುವ ಒಬ್ಬಾಂವ ಎದ್ದು, ಮಾವಶಿ, ಕಲ್ಲ ನಾ ಒಂದೀಟ ತುಳೀಲೇನ್ರಿ ಅಂತಾನ. ತುಳದು ಏನ ಮಾಡಾಂವ? ಸುಮ್ಮ ಕುಂದರಪ್ಪ ಅಂತೀನಿ. ಕುಂದ್ರತಾನ. ಕುಂತು ಮತ್ತ ಟೈರಿನ ಸುದ್ದಿ.” ಆ ಗುಂಪಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ.

ಈ ಗುಂಪನ್ನು ತಂದು ಕಟ್ಟೆಗೆ ಹಚ್ಚಿದವರು ಅವರ ಗಂಡ ಇನಾಯತ. ಒಂದು ಕಾಲಕ್ಕೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಗಳನ್ನು ಕಾಸಿ ಬಡಿದು ಅವರು ಮಾಡುತ್ತಿದ್ದ ಚಾಕು ಚಡಚಣದ ಸಂತೆಯವರೆಗೆ ಹೋಗುತ್ತಿತ್ತು. ಬಡಿದು ಬಡಿದು ಬಲಭುಜ ಸವೆಯಿತು. ಕೈ ತಲೆಯ ಮೇಲೆ ಏಳದಾಯಿತು. ಸುತ್ತಿಗೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹಿಡಿಕೆ ಕೂಡಿಸುವುದು, ಬಂದವರ ಜೊತೆ ಮಾತಾಡುವುದು ಇವೆರಡೇ ಅವರ ಪಾಲಿಗೆ ಉಳಿದವು. ಮಿರಜದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಮಹಾಂತ ಎಂಬವರು ಒಮ್ಮೆ ಇಲ್ಲಿ ಪಂಕ್ಚರ್ ಆಗಿ ನಿಂತಾಗ, ಮೂಲೆಯಲ್ಲಿ ಬಿದ್ದಿದ್ದ ಇನಾಯತರ ಹಳೇ ಚಾಕೊಂದನ್ನು ಕಂಡು ಕೊಂಡರು. ಮುಂದಿನ ಭಾನುವಾರ ಇಬ್ಬರು ಗೆಳೆಯರನ್ನು ಕರೆತಂದರು. ಆ ಇಬ್ಬರು ಮತ್ತೆ ನಾಲ್ವರನ್ನು.

ಸಾಣೆಯ ಮುಂದೆ ಲಾಲಬಿ ಕುಳಿತದ್ದು ಗಂಡನ ಆ ಭುಜ ಸೋತದ್ದರಿಂದಲೇ. ಮೊದಮೊದಲು ಕುರುಬರು ಹೆಂಗಸಿನ ಕೈಗೆ ಕತ್ತರಿ ಕೊಡಲು ಹಿಂದೆಮುಂದೆ ನೋಡಿದರು. ಬಾಲಗಾಂವದ ಕೆಲವರು ಬಾಗಿಲಲ್ಲೇ ನಿಂತು, ಇನಾಯತ ಇಲ್ಲೇನು ಎಂದು ಕೇಳಿ ಹಾಗೇ ತಿರುಗಿ ಹೋದದ್ದೂ ಉಂಟು. ದರಿಬಡಚಿಯ ಸಾತಪ್ಪ ಮಾತ್ರ ಒಂದೇ ಒಂದು ಕತ್ತರಿ ಕೊಟ್ಟು, “ನೋಡೂಣು,” ಎಂದು ಹೋದರು. ಮುಂದಿನ ಸಲ ಹಟ್ಟಿಯವರ ಕತ್ತರಿಗಳನ್ನೆಲ್ಲ ಒಂದೇ ಗಂಟು ಕಟ್ಟಿ ತಂದರು. ಇವತ್ತಿಗೆ ಸುತ್ತಲಿನ ಹಟ್ಟಿಗಳ ಕತ್ತರಿಗೆಲ್ಲ ಲಾಲಬಿಯದೇ ಹದ. ಸುಗ್ಗಿಯಲ್ಲಿ ದಿನಕ್ಕೆ ನಲವತ್ತು ಕುಡುಗೋಲು ಬರುವುದಿದೆ. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಮರಾಠಿ.

ಕಳೆದ ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ ಮೂರೂ ಭಾಷೆ ಸಾಲಲಿಲ್ಲ.

ಅಂದು ದರಿಬಡಚಿಯಲ್ಲಿ ಸಾತಪ್ಪನ ಹಟ್ಟಿಯ ಉಣ್ಣೆ ತೆಗೆಯುವ ದಿನ. ಹಿಂದಿನ ದಿನವೇ ಕುರಿಗಳನ್ನು ಕೆರೆಯಲ್ಲಿ ತೊಳೆದು ನಿಲ್ಲಿಸಿದ್ದರು. ಉಣ್ಣೆ ಒಣಗಿದ ಕೂಡಲೇ ಕತ್ತರಿಸಬೇಕು. ಕುರಿ ಮತ್ತೆ ಮಣ್ಣಿನಲ್ಲಿ ಹೊರಳಿದರೆ ತೊಳೆದದ್ದೆಲ್ಲ ವ್ಯರ್ಥ. ಕತ್ತರಿಸಲು ಅಕ್ಕಪಕ್ಕದ ಹಟ್ಟಿಗಳ ಗಂಡಸರು ಮುಯ್ಯಿಗೆ, ಕೆಲಸಕ್ಕೆ ಕೆಲಸ ಎಂಬ ಲೆಕ್ಕದಲ್ಲಿ, ಬಂದಿದ್ದರು. ಇವತ್ತು ತಪ್ಪಿದರೆ ಅವರೆಲ್ಲ ತಮ್ಮ ಕುರಿ ಹೊಡೆದುಕೊಂಡು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಎಲ್ಲರ ಕತ್ತರಿಗಳೂ ಹದವಾಗಿ, ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಲಾಲಬಿಯ ಚಪ್ಪರದಲ್ಲಿದ್ದವು. ಅದರ ಮಗ್ಗುಲಲ್ಲೇ ಇನ್ನೊಂದು ಗೋಣಿತಟ್ಟಿನ ಗಂಟು. ಅದರಲ್ಲಿ ಚಾಕುಪ್ರೇಮಿಗಳು ಹಿಂದಿನ ವಾರ ಕೊಟ್ಟುಹೋಗಿದ್ದ ಚಾಕುಗಳು.

ಅವತ್ತು ಗುಂಪಿಗೆ ಬದಾಮಿ ಪ್ರವಾಸ. ಎಂದೂ ಇಲ್ಲದ ಅವಸರದಲ್ಲಿ ಬಂದರು, ಗಂಟು ಕೇಳಿದರು, ಹೋದರು. ಲಾಲಬಿ ಹಿಂದಿನ ಓಣಿಗೆ ನೀರು ತರಲು ಹೋಗಿದ್ದರು. ಬರುವಷ್ಟರಲ್ಲಿ ಸಾತಪ್ಪ ಟೆಂಪೋದಿಂದ ಇಳಿದು, ಉಳಿದ ಗಂಟನ್ನು ಬಿಚ್ಚಿ ನೋಡುತ್ತ ನಿಂತಿದ್ದರು.

“ಇದೇನವ್ವಾ ಲಾಲಬಿ,” ಎಂದರು ಅವರು, ಮರದ ಹಿಡಿಕೆಯ ಸಣ್ಣ ಚಾಕೊಂದನ್ನು ಎತ್ತಿ ಹಿಡಿದು. “ನಾ ಏನ ಬದನಿಕಾಯಿ ಹೆಚ್ಚಾಂವಿದ್ದೇನೇನ?”

ಲಾಲಬಿ ಗಂಡನ ಕಡೆ ತಿರುಗಿದರು.

“ಗಂಟ ಕೇಳಿದ್ರು, ಕೊಟ್ಟೆ,” ಎಂದರು ಇನಾಯತ. “ಮಾತಿನಾಗ ಮಾತ ಬಂತು, ಲಕ್ಷ್ಯ ಇರಲಿಲ್ಲ.”

“ಏನ ಮಾತು?”

“ಬದಾಮಿಗೆ ಯಾವ ದಾರಿ ಚಲೋ ಅಂತ ಕೇಳಿದ್ರು.”

“ನೀವು ಬದಾಮಿ ನೋಡೀರೇನ?”

“ಇಲ್ಲ.”

ಲಾಲಬಿ ಫೋನು ಹಚ್ಚಿದರು. ಮಹಾಂತರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹೆಲ್ಮೆಟ್ಟಿನೊಳಗಿನ ಕಿವಿಗೆ ಅದು ಕೇಳುವಂತಿರಲಿಲ್ಲ. ಸಾತಪ್ಪ ತಲೆಗೆ ಕೈ ಹಚ್ಚಿ ಕಟ್ಟೆಯ ಮೇಲೆ ಕುಳಿತರು. ಅದೇ ಹೊತ್ತಿಗೆ ಗುಡುಗುಡು ಸದ್ದು ಮಾಡುತ್ತ ಇನ್ನೊಂದು ಗಾಡಿ ಬಂದು ನಿಂತಿತು. ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ವಿಜಯಶ್ರೀ; ಗುಂಪಿನಲ್ಲಿ ಯಾವಾಗಲೂ ಹಿಂದೆ ಬೀಳುವವರು. “ತಡಾ ಆತ್ರಿ ಮಾವಶಿ. ಎಲ್ಲಾರೂ ಹೋದ್ರೇನು?” ಎನ್ನುವಷ್ಟರಲ್ಲಿ ಲಾಲಬಿ ಚಾಕಿನ ಗಂಟು ಬಗಲಿಗೆ ಹಾಕಿಕೊಂಡು ಹಿಂದಿನ ಸೀಟಿನ ಹತ್ತಿರ ನಿಂತಿದ್ದರು.

“ಹೊಡೀರಿ. ಅವರ ಹಿಂದ.”

“ಊಟ ಹಾಕಿ ಮಂದೀನ ಹಿಡದ ಇಡತೀನಿ,” ಎಂದರು ಸಾತಪ್ಪ. “ನೀಡೂದ ಸಾವಕಾಶ ನೀಡಸತೀನಿ. ಲಗೂನ ಬಾರವ್ವ.”

ಮದುವೆಯಾಗಿ ಬಂದಾಗಿನಿಂದ ಲಾಲಬಿ ಮೋಟಾರ್ ಸೈಕಲ್ ಏರಿದ್ದು ಆಸ್ಪತ್ರೆಗೆ ಹೋಗುವಾಗ ಮಾತ್ರ, ಅದೂ ಒಂದು ಬದಿಗೆ ಕಾಲು ಹಾಕಿ. ಈ ಗಾಡಿಯಲ್ಲಿ ಹಾಗೆ ಕುಳಿತರೆ ಬೀಳುತ್ತೀರಿ ಎಂದು ವಿಜಯಶ್ರೀ ಎರಡೂ ಬದಿಗೆ ಕಾಲು ಹಾಕಿಸಿದರು. ಊರ ಮುಂದಿನ ಅಂಗಡಿಗಳವರೆಲ್ಲ ಎದ್ದು ನೋಡಿದರು. ಆ ಸಿಟ್ಟು ಬೇರೆ. ಅದರ ಮೇಲೆ ವಿಜಯಶ್ರೀಯ ಬಾಯಿ ಸುಮ್ಮನಿರಲಿಲ್ಲ. ಬೆನ್ನು ನೋಯುತ್ತದೆಯೇ, ಗಾಳಿ ಬಡಿಯುತ್ತದೆಯೇ, ಈ ಗಾಡಿ ಲೀಟರಿಗೆ ಎಷ್ಟು ಓಡುತ್ತದೆ, ಕೊಯ್ನಾ ಕಡೆ ಹೋದಾಗ ಎಲ್ಲಿ ಜಾರಿತ್ತು, ಅಪ್ಪ ಮಾವಿನಹಣ್ಣು ಕೊಯ್ಯುತ್ತಿದ್ದ ಚಾಕನ್ನು ತಾನು ಹೇಗೆ ಇಟ್ಟುಕೊಂಡಿದ್ದೇನೆ.

“ಮೇಡಮ್ಮಾರ, ಮುಂದ ನೋಡಿ ಹೊಡೀರಿ,” ಎಂದರು ಲಾಲಬಿ. “ಇಷ್ಟ ಮಾತ ಎಲ್ಲಿಂದ ತರತೀರಿ ನೀವೆಲ್ಲಾ?”

ವಿಜಯಶ್ರೀ ಎದುರು ಬಂದ ಲಾರಿಗೆ ದಾರಿ ಬಿಟ್ಟರು. ಆಮೇಲೆ ತಿರುಗದೆಯೇ ಹೇಳಿದರು: “ಆರ ದಿನಾ ವಾರ್ಡಿನಾಗ ಮಂದಿ ನೋವ ಕೇಳತೀನ್ರಿ ಮಾವಶಿ. ಭಾನುವಾರ ಯಾರರೆ ಟೈರಿನ ಸುದ್ದಿ ಹೇಳಿದ್ರ ತಲಿ ಹಗುರ ಆಕೈತಿ.”

ಲಾಲಬಿ ಬಗಲಿನ ಗಂಟನ್ನು ಇನ್ನಷ್ಟು ಬಿಗಿದು ಹಿಡಿದರು. ಆ ಮಾತಿಗೂ ಸಿಟ್ಟು ಬಂತು ಎಂದು ಈಗ ಹೇಳುತ್ತಾರೆ.

ಗುಂಪು ಬಹಳ ದೂರವೇನೂ ಹೋಗಿರಲಿಲ್ಲ. ರಾಜ್ಯದ ಗಡಿ ದಾಟಿದ ಕೂಡಲೇ ಸಿಗುವ ಧಾಬಾದ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ಒಳಗೆ, ಯಾರ ಡೇರೆ ಸೋರುತ್ತದೆ ಎಂಬುದರ ಮೇಲೆ ವಾದ ನಡೆದಿತ್ತು. ಮಹಾಂತರು ಹೊರಸಿನ ಮೇಲೆ ಅಡ್ಡಾಗಿದ್ದರು. ಬೆನ್ನಿಗೆ ಆನಿಸಿಕೊಂಡಿದ್ದುದು ಗೋಣಿತಟ್ಟಿನ ಗಂಟು.

“ಅರೆ, ಮಾವಶಿ ಬಂದ್ರಲ್ಲ. ಬರ್ರಿ, ಕುಂದ್ರಿ. ಚಹಾ ತಗೋರಿ.”

“ಚಹಾ ಒಲ್ಲೆ. ಏಳ್ರಿ ಮ್ಯಾಲ,” ಎಂದರು ಲಾಲಬಿ. ಮಹಾಂತರು ಎದ್ದರು. ಲಾಲಬಿ ಗಂಟು ಬಿಚ್ಚಿ ಕತ್ತರಿಗಳನ್ನು ಒಂದೊಂದಾಗಿ ನೋಡಿದರು; ಯಾವುದರ ತುದಿಯೂ ಮುರಿದಿರಲಿಲ್ಲ. ತಾವು ತಂದ ಚಾಕಿನ ಗಂಟನ್ನು ಹೊರಸಿನ ಮೇಲೆ ಇಟ್ಟರು. “ಅಲ್ಲಿ ಕುರಿ ತೊಳದ ನಿಂತಾವು. ಮಂದಿ ಕೈ ಕಟಗೊಂಡ ಕುಂತೈತಿ. ನೀವಿಲ್ಲಿ ಡೇರೆ ಸೋರೂದು ಮಾತಾಡಾಕತ್ತೀರಿ. ಗಂಟ ಒಯ್ಯಾಗ ಒಮ್ಮೆರೆ ಬಿಚ್ಚಿ ನೋಡಬಾರದೇನ್ರಿ?”

ಡೇರೆಯ ವಾದ ಅಲ್ಲಿಗೇ ನಿಂತಿತು. ಆ ಗುಂಪು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಆಮೇಲೆ ಮಹಾಂತರು, “ತಪ್ಪಾತ್ರಿ. ನಾವೂ ಬರತೀವಿ,” ಎಂದರು. ಬೇಡ ಎಂದರೂ ಕೇಳಲಿಲ್ಲ. ಬದಾಮಿ ಅಲ್ಲಿಗೇ ಬಿಟ್ಟು, ಇಡೀ ಸಾಲು ಲಾಲಬಿಯ ಹಿಂದೆ ದರಿಬಡಚಿಗೆ ಹೊರಟಿತು.

ಸದ್ದಿಗೆ ಕುರಿ ಚೆದುರಿದರೆ ಇನ್ನೊಂದು ಗೋಳು ಎಂದು ಲಾಲಬಿ ಗಾಡಿಗಳನ್ನು ದೂರದಲ್ಲೇ ನಿಲ್ಲಿಸಿದರು. ಊಟ ಮುಗಿಸಿದವರು ಜಾಲಿಗಿಡದ ನೆರಳಿನಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ಇಬ್ಬರು ಎದ್ದು ಹೋಗುವ ತಯಾರಿಯಲ್ಲಿದ್ದರು. ಕತ್ತರಿ ಕೈಗೆ ಬಂದ ಮೇಲೆ ಕೆಲಸ ಶುರುವಾಗಬೇಕಿತ್ತು. ಆಗಲಿಲ್ಲ. ಎಲ್ಲಿಂದ ಬಂದಿರಿ, ಯಾವ ದಾರಿಯಲ್ಲಿ ಬಂದಿರಿ ಎಂದು ಸಾತಪ್ಪ ಮಹಾಂತರನ್ನು ಕೇಳಿಬಿಟ್ಟರು. ಕುರಿ ಹಿಂದೆ ವರ್ಷಕ್ಕೊಮ್ಮೆ ಕೃಷ್ಣೆಯ ದಂಡೆಗುಂಟ ನಡೆಯುವ ಮನುಷ್ಯ ಅವರು. ಸೊಲ್ಲಾಪುರದ ಆಚೆಯೂ ಹೋಗಿದ್ದಾರೆ. ಯಾವ ಊರಲ್ಲಿ ರಾತ್ರಿ ಇಳಿಯಗೊಡುತ್ತಾರೆ, ಯಾವ ಊರಿನ ನಾಯಿ ಕೆಟ್ಟವು ಎಂದು ಅವರು. ಯಾವ ರಸ್ತೆ ಕಿತ್ತಿದೆ, ಎಲ್ಲಿ ಚಹಾ ಚಲೋ ಎಂದು ಇವರು. ಕೊಳಲು ಕಲಿಯುವವರು ತಮ್ಮ ಕೊಳಲನ್ನೇ ತೆಗೆದರು. ಹಟ್ಟಿಯ ಮುದುಕರೊಬ್ಬರು ಅದನ್ನು ಕೈಗೆ ತೆಗೆದುಕೊಂಡು ತಿರುವಿ ನೋಡತೊಡಗಿದರು.

“ಕತ್ರಿ ಕೈಯಾಗ ಹಿಡಕೊಂಡ ನಿಂತು ಮಾತಾಡಾಕತ್ತಿದ್ರು,” ಎಂದು ಲಾಲಬಿ ಈಗಲೂ ಹಣೆ ಒತ್ತಿಕೊಳ್ಳುತ್ತಾರೆ. “ನಮ್ಮ ಮನ್ಯಾಗಿನವರ ರೋಗ ಇಲ್ಲೀತನಕಾ ಹಬ್ಬಿತಲ್ಲ ಅನಿಸ್ತು. ಸಾತಪ್ಪಣ್ಣಾ, ಮೊದಲ ಕುರಿ ಹಿಡಿ, ಬಾಯಿ ಆಮ್ಯಾಲ ಬಿಡು ಅಂದೆ.”

ಆಗ ಕುರಿ ಹಿಡಿದರು. ಕಾಲು ಕೂಡಿಸಿ ಕಟ್ಟಿ ಮಗ್ಗುಲಿಗೆ ಮಲಗಿಸಿದರು. ಹೊತ್ತು ಇಳಿಯುವವರೆಗೆ ಕತ್ತರಿಗಳ ಕಚಕಚ ನಿಲ್ಲಲಿಲ್ಲ. ಉಣ್ಣೆಯೆಲ್ಲ ಅಂದೇ ಇಳಿಯಿತು. ಚಾಕುಪ್ರೇಮಿಗಳು ಉಣ್ಣೆ ಆಯ್ದು ಚೀಲಕ್ಕೆ ತುಂಬಿದರು, ತುಂಬುತ್ತ ಮಾತಾಡಿದರು. ಈಗ ಗುಂಪಿನಲ್ಲಿ ಆ ದಿನಕ್ಕೆ ಮಾವಶಿಯ ಪ್ರವಾಸ ಎಂದೇ ಹೆಸರು. ಬದಾಮಿ ಇನ್ನೂ ಆಗಿಲ್ಲ. ಭಾನುವಾರ ಅವರು ಬರುವುದೂ ತಪ್ಪಿಲ್ಲ.

“ಪೇಪರಿನಾಗ ಬರಿಯೂದಿದ್ರ ಇದನ್ನ ಬರೀರಿ,” ಎನ್ನುತ್ತಾರೆ ಲಾಲಬಿ, ಪೆಡಲ್ ಮೇಲಿನ ಕಾಲು ತೆಗೆಯದೆ. “ಬರಬ್ಯಾಡ್ರಿ ಅನ್ನೂದಿಲ್ಲ. ಗಾಡಿ ಬಾಗಲಕ್ಕ ಹಚ್ಚಬ್ಯಾಡ್ರಿ, ಅಷ್ಟ.”

ರಸ್ತೆಯ ತಿರುವಿನಲ್ಲಿ ಮೊದಲ ಮೋಟಾರ್ ಸೈಕಲ್ಲಿನ ಸದ್ದು ಕೇಳಿಸುತ್ತದೆ. ಅವರು ಉಸ್ಸೆಂದು ಕೈಯಲ್ಲಿನ ಕತ್ತರಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಇಷ್ಟು ವರ್ಷ ಕುರಿಕತ್ತರಿಗೆ ಹದ ಹಿಡಿದರೂ ಅದು ಉಣ್ಣೆ ಕತ್ತರಿಸುವುದನ್ನು ಅವರು ಕಣ್ಣಾರೆ ಕಂಡದ್ದು ಅಂದು ದರಿಬಡಚಿಯಲ್ಲೇ ಮೊದಲು. ಕತ್ತರಿ ಇಲ್ಲಿಂದ ಹೋಗುತ್ತಿತ್ತು, ಮೊಂಡಾಗಿ ತಿರುಗಿ ಬರುತ್ತಿತ್ತು. ನಡುವೆ ಏನಾಗುತ್ತದೆ ಎಂದು ನೋಡಲು ಪುರುಸೊತ್ತು ಎಲ್ಲಿ?

“ಸಾತಪ್ಪಣ್ಣ ಒಂದ ಕರಿ ಕುರಿ ಕೆಡವಿದ. ಹೊಟ್ಟಿ ಕಡೆ ತೊಗಲ ಭಾಳ ಮೆತ್ತಗ ಇರತೈತ್ರಿ. ನನ್ನ ಜೀವ ಬಾಯಾಗ ಬಂದಿತ್ತು,” ಎಂದು ಅವರು ದನಿ ತಗ್ಗಿಸುತ್ತಾರೆ. “ಕತ್ರಿ ಹಾದ ಹೋತು. ಒಂದ ಗೀರ ಬೀಳಲಿಲ್ಲ. ಕುರಿ ಮಿಸುಕಲಿಲ್ರಿ. ಕಣ್ಣ ಮುಚ್ಚಿ ಮೆಲಕ ಹಾಕಕೋತ ಮಲಗಿತ್ತು.”